ಬೂಮರಾಂಗ್ ವಾಕರ್: ಮಳೆಗಾಳಿಯ ಲೆಕ್ಕಕ್ಕೆ ಕೂತ ಗಣಿತಜ್ಞ

ಗದಗ-ಬೆಟಗೇರಿಯಿಂದ ಮುಂಡರಗಿ ಕಡೆ ಹೊರಟವರಿಗೆ ಕಪ್ಪತಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳು ದೂರದಿಂದಲೇ ಕಾಣ್ತಾವು. ನಮ್ಮ ಕಡೆ ಮಂದಿ ಅವಕ್ಕ ಸೀದಾ ಫ್ಯಾನ್ ಅಂತಾರ. ಜೂನ್ ಬಂತಂದ್ರೆ ಅವು ಹಗಲೂ ರಾತ್ರಿ ಬಿಡುವಿಲ್ಲದೆ ತಿರುಗುತ್ತವೆ. ಆಷಾಢದ ಗಾಳಿಗೆ ಹಾಸ್ಟೆಲ್ ಕಿಟಕಿ ಬಡಕೊಳ್ಳೋದು, ತಂತಿ ಮೇಲಿನ ಬಟ್ಟೆ ಪಕ್ಕದ ಬಿಲ್ಡಿಂಗಿಗೆ ಹಾರಿ ಹೋಗೋದು, ಹುಡುಗರು ಮಾಳಿಗೆ ಹತ್ತಿ ಗಾಳಿಪಟ ಬಿಡೋದು ನಮಗೆಲ್ಲ ಗೊತ್ತಿದ್ದದ್ದೇ. ಈ ಗಾಳಿ ಅರಬ್ಬೀ ಸಮುದ್ರದಿಂದ ಹೊರಟು ಕಾರವಾರ, ಕುಮಟಾ ದಂಡೆ ದಾಟಿ, ಪಶ್ಚಿಮಘಟ್ಟ ಹತ್ತುವಾಗ ತನ್ನ ನೀರನ್ನೆಲ್ಲ ಅಲ್ಲೇ ಸುರಿದು ನಮ್ಮಲ್ಲಿಗೆ ಬರುತ್ತದೆ. ಕರಾವಳಿಗೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಗದಗಿಗೆ ಸುಮಾರು 600 ಮಿ.ಮೀ. ಅಷ್ಟೇ. ಗಾಳಿ ಬೇಕಾದಷ್ಟು, ಮಳೆ ಲೆಕ್ಕದಷ್ಟು. ಹಂಗಾಗಿ ಆ ಲೆಕ್ಕ ತಪ್ಪಿದರೆ ಲಕ್ಷ್ಮೇಶ್ವರದ ಶೇಂಗಾ, ಶಿರಹಟ್ಟಿಯ ಹತ್ತಿ, ಮುಂಡರಗಿಯ ಎರೆ ಹೊಲದ ಕಡಲೆ ಎಲ್ಲವೂ ತಪ್ಪುತ್ತವೆ.

ಈ ವರ್ಷ ಮಳೆ ಹೆಂಗ? ಈ ಪ್ರಶ್ನೆಗೆ ಜ್ಯೋತಿಷ್ಯದ ಮಾತಿನಿಂದಲ್ಲ, ಹೊಂಗನಸಿನಿಂದಲೂ ಅಲ್ಲ, ಅಂಕಿಗಳಿಂದ ಉತ್ತರ ಹುಡುಕಲು 20 ವರ್ಷ ಕೂತ ಒಬ್ಬರ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇವೆ. ಅವರ ಹೆಸರು ಸರ್ ಗಿಲ್ಬರ್ಟ್ ಥಾಮಸ್ ವಾಕರ್. ಇಲೆಕ್ಟ್ರಾನಿಕ್ಸ್ ಓದುವವರು ಈ ಹೆಸರನ್ನು ಸಿಗ್ನಲ್ ಪ್ರೊಸೆಸಿಂಗ್ ಪುಸ್ತಕದಲ್ಲಿ ಕಂಡಿರುತ್ತೀರಿ. ಯೂಲ್-ವಾಕರ್ ಸಮೀಕರಣದ ವಾಕರ್ ಇವರೇ. ಹವಾಮಾನದ ಸುದ್ದಿ ಓದುವವರು ವಾಕರ್ ಸರ್ಕ್ಯುಲೇಶನ್ ಅಂತ ಕೇಳಿರುತ್ತೀರಿ. ಆ ವಾಕರ್ ಕೂಡ ಇವರೇ.

ಎಂಜಿನಿಯರ್ ಮಗ, ಬೂಮರಾಂಗ್ ಹುಚ್ಚು

ವಾಕರ್ ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ರಾಚ್‌ಡೇಲ್ ಊರಿನಲ್ಲಿ. ಮನೆ ತುಂಬ ಮಕ್ಕಳು. ತಂದೆ ಎಂಜಿನಿಯರ್. ಮುಂದೆ ಕುಟುಂಬ ಕ್ರಾಯ್ಡನ್‌ಗೆ ಬಂತು, ತಂದೆ ಆ ಊರಿನ ಮುಖ್ಯ ಎಂಜಿನಿಯರ್ ಆದರು. ಮಗ ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. 1889ರಲ್ಲಿ ಗಣಿತದ ಅಂತಿಮ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗರು. ಅಲ್ಲಿ ಆ ಸ್ಥಾನಕ್ಕೆ ಸೀನಿಯರ್ ರ‍್ಯಾಂಗ್ಲರ್ ಅಂತ ಹೆಸರು.

ಆ ಓದಿನ ಭಾರಕ್ಕೆ ದೇಹ ಸೋತಿತು. 1890ರಲ್ಲಿ ಆರೋಗ್ಯ ಕೆಟ್ಟು, ಮುಂದಿನ ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಸುಮ್ಮನೆ ಕೂಡದೆ ಹಿಮದ ಮೇಲೆ ಸ್ಕೇಟಿಂಗ್ ಕಲಿತು ಅದರಲ್ಲೂ ಪಳಗಿದರು. ಕೊಳಲು ಅಂದ್ರೆ ಪ್ರಾಣ. ಅದನ್ನು ನುಡಿಸುವುದಷ್ಟೇ ಅಲ್ಲ, ಅದರ ರಚನೆ ಹೇಗಿರಬೇಕು ಅಂತಲೂ ಲೆಕ್ಕ ಹಾಕುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಹುಚ್ಚು ಮಾತ್ರ ಬೂಮರಾಂಗ್ ಎಸೆಯುವುದು. ಕೇಂಬ್ರಿಜ್‌ನ ನದಿ ದಂಡೆಯ ಹುಲ್ಲುಗಾವಲಿನಲ್ಲಿ ಈ ಗಣಿತದ ಮೇಷ್ಟ್ರು ಬೂಮರಾಂಗ್ ಎಸೆದು ಹಿಡಿಯುವುದನ್ನು ನೋಡಿ ಗೆಳೆಯರು ಬೂಮರಾಂಗ್ ವಾಕರ್ ಅಂತಲೇ ಕರೆದರು.

ಆಟ ಅಲ್ಲಿಗೇ ನಿಲ್ಲಲಿಲ್ಲ. ಎಸೆದ ಕಟ್ಟಿಗೆ ತಿರುಗಿ ಯಾಕೆ ಬರುತ್ತದೆ? ಬೂಮರಾಂಗ್ ತನ್ನ ಸುತ್ತ ತಿರುಗುತ್ತಲೇ ಮುಂದೆ ಹೋಗುತ್ತದೆ. ಹಾಗಾಗಿ ಮುಂದಕ್ಕೆ ಬೀಸುವ ತೋಳಿಗೆ ಗಾಳಿಯ ವೇಗ ಹೆಚ್ಚು, ಹಿಂದಕ್ಕೆ ಹೋಗುವ ತೋಳಿಗೆ ಕಡಿಮೆ. ವೇಗ ಹೆಚ್ಚಿದ್ದ ಕಡೆ ಎತ್ತುವ ಬಲವೂ ಹೆಚ್ಚು. ಈ ವ್ಯತ್ಯಾಸದಿಂದ ಹುಟ್ಟುವ ತಿರುಚುಬಲ ಅದನ್ನು ಬೀಳಿಸುವುದಿಲ್ಲ, ಬದಲಿಗೆ ಅದು ತಿರುಗುವ ಅಕ್ಷವನ್ನೇ ಮೆಲ್ಲಗೆ ಹೊರಳಿಸುತ್ತದೆ. ಮೆಕ್ಯಾನಿಕಲ್‌ನವರಿಗೆ ಇದು ಪರಿಚಿತ. ನಾವು ಓದುವ ಗೈರೋಸ್ಕೋಪಿಕ್ ಕಪಲ್ ಇದೇ. ವಾಕರ್ 1897ರಲ್ಲಿ ಇದರ ಗಣಿತವನ್ನು ಬಿಡಿಸಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದ್ಯುತ್‌ಕಾಂತ ಕ್ಷೇತ್ರದ ಮೇಲಿನ ಅವರ ಕೆಲಸಕ್ಕೆ 1899ರಲ್ಲಿ ಆಡಮ್ಸ್ ಬಹುಮಾನವೂ ಬಂತು. ಇಲ್ಲಿಯವರೆಗೆ ಹವಾಮಾನಕ್ಕೂ ಇವರಿಗೂ ಏನೇನೂ ಸಂಬಂಧ ಇರಲಿಲ್ಲ.

1899ರ ತಪ್ಪು ಲೆಕ್ಕ

ಅದೇ 1899ರಲ್ಲಿ ಇಲ್ಲಿ ಏನಾಯಿತು ನೋಡ್ರಿ. 1876-78ರ ಬರ, ಅಂದ್ರೆ ನಮ್ಮ ಹಿರಿಯರು ಧಾತು ಈಶ್ವರ ಬರ ಅಂತ ಕರೆದದ್ದು, ದಕ್ಷಿಣ ಭಾರತವನ್ನು ಹಿಂಡಿ ಹಾಕಿತ್ತು. ಗದಗ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು, ಆ ಬರದ ಪೆಟ್ಟು ಈ ಭಾಗಕ್ಕೂ ಬಿತ್ತು. ಭಾರತೀಯ ಹವಾಮಾನ ಇಲಾಖೆ 1875ರಲ್ಲಷ್ಟೇ ಹುಟ್ಟಿತ್ತು. ಬರದ ನಂತರ ಸರ್ಕಾರಕ್ಕೆ ಒಂದೇ ಆಸೆ, ಮಳೆಗಾಲದ ಸುಳಿವು ಮೊದಲೇ ಸಿಗಬೇಕು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂಗಾರು ಕಮ್ಮಿ ಅನ್ನೋ ಸೂತ್ರ ಕಂಡುಕೊಂಡರು. 1886ರಿಂದ ಪ್ರತಿವರ್ಷ ಮುನ್ಸೂಚನೆ ಹೊರಬರತೊಡಗಿತು.

ಅವರ ನಂತರ ಬಂದ ಜಾನ್ ಎಲಿಯಟ್ ಇನ್ನಷ್ಟು ಅಂಶಗಳನ್ನು ಸೇರಿಸಿ ಉದ್ದುದ್ದದ ಮುನ್ಸೂಚನೆ ಬರೆಯುತ್ತಿದ್ದರು. 1899ಕ್ಕೆ ಅವರು ಒಳ್ಳೆ ಮಳೆ ಅಂದರು. ಮಳೆ ಬರಲೇ ಇಲ್ಲ. ಶತಮಾನದ ಅತಿ ಕೆಟ್ಟ ಬರಗಳಲ್ಲಿ ಒಂದು ಬಂತು, ಲಕ್ಷಾಂತರ ಜನ ಸತ್ತರು. ಪತ್ರಿಕೆಗಳು ಇಲಾಖೆಯನ್ನು ಹರಿದು ಹಾಕಿದವು. ಅದಾಗಿ ಕೆಲವೇ ವರ್ಷಕ್ಕೆ ಸರ್ಕಾರ ಮುನ್ಸೂಚನೆಯನ್ನೇ ಗುಟ್ಟಾಗಿಟ್ಟಿತು. ಅಧಿಕಾರಿಗಳು ಮಾತ್ರ ಓದಬಹುದು, ಜನರಿಗಿಲ್ಲ. ಸತ್ತವರು ಬರೀ ಮಳೆ ಇಲ್ಲದ್ದಕ್ಕೆ ಸಾಯಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಕಂದಾಯ ವಸೂಲಿ, ಧಾನ್ಯದ ಬೆಲೆ, ಪರಿಹಾರ ಕೊಡುವಾಗಿನ ಕೈಬಿಗಿತ ಎಲ್ಲವೂ ಸೇರಿ ಬರವನ್ನು ಕ್ಷಾಮ ಮಾಡಿದವು. ಆದರೂ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಮಳೆಯ ಲೆಕ್ಕ ಎಲ್ಲಿ ತಪ್ಪಿತು?

ಎಲಿಯಟ್ ಅವರಿಗೆ ಒಂದು ಮಾತು ಮಾತ್ರ ಮನವರಿಕೆ ಆಗಿತ್ತು. ತನ್ನ ನಂತರ ಬರುವವನು ಗಟ್ಟಿ ಗಣಿತಜ್ಞನಾಗಿರಬೇಕು. ಆ ಹುಡುಕಾಟದಲ್ಲಿ ಸಿಕ್ಕವರೇ ಬೂಮರಾಂಗ್ ವಾಕರ್. ಹವಾಮಾನಶಾಸ್ತ್ರ ಓದದ 35 ವರ್ಷದ ಆ ಮೇಷ್ಟ್ರು 1903ರಲ್ಲಿ ಭಾರತಕ್ಕೆ ಬಂದು, 1904ರ ಜನವರಿಯಲ್ಲಿ ಇಲಾಖೆಯ ಮುಖ್ಯಸ್ಥರಾದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಕೂಡ ಆದರು.

ಶಿಮ್ಲಾದ ಮಾನವ ಕಂಪ್ಯೂಟರುಗಳು

ಶಿಮ್ಲಾದ ಕಚೇರಿಯಲ್ಲಿ ಕೂತ ವಾಕರ್‌ಗೆ ಒಂದು ಸತ್ಯ ಬೇಗ ಹೊಳೆಯಿತು. ವಾತಾವರಣದ ಚಲನೆಯ ಸಮೀಕರಣ ಬಿಡಿಸಿ ನಾಲ್ಕು ತಿಂಗಳ ಮುಂದಿನ ಮಳೆ ಹೇಳುವುದು ಆ ಕಾಲಕ್ಕೆ ಆಗದ ಮಾತು. ಹಾಗಿದ್ದರೆ ಕಾರಣ ಗೊತ್ತಿಲ್ಲದಿದ್ದರೂ ಸಂಬಂಧ ಹುಡುಕೋಣ ಅಂತ ಹೊರಟರು. ಜಗತ್ತಿನ ಬೇರೆ ಬೇರೆ ಕಡೆಯ ಗಾಳಿಯೊತ್ತಡ, ಉಷ್ಣತೆ, ಮಳೆ, ಹಿಮ, ನದಿಯ ಹರಿವು ಇವುಗಳ ಹಳೆಯ ದಾಖಲೆ ತರಿಸಿಕೊಂಡು, ಪ್ರತಿಯೊಂದಕ್ಕೂ ಭಾರತದ ಮಳೆಗೂ ಇರುವ ಸಹಸಂಬಂಧವನ್ನು, ಅಂದ್ರೆ ನಾವು ಕೋರಿಲೇಶನ್ ಅನ್ನುವುದನ್ನು, ಲೆಕ್ಕ ಹಾಕಿಸಿದರು. ಮಾರ್ಚ್ ತಿಂಗಳಲ್ಲಿ ಚಿಲಿಯಲ್ಲೋ ಅರ್ಜೆಂಟೀನಾದಲ್ಲೋ ಗಾಳಿಯೊತ್ತಡ ಹೆಚ್ಚಿದ್ದರೆ ಜುಲೈನಲ್ಲಿ ನಮ್ಮಲ್ಲಿ ಮಳೆ ಹೇಗಿರುತ್ತದೆ? ಈ ಬಗೆಯ ಪ್ರಶ್ನೆಗಳು.

ಇದನ್ನು ನಾವೀಗ ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ಮುಗಿಸುತ್ತೇವೆ. ಅವರಿಗೆ ಎಲೆಕ್ಟ್ರಾನಿಕ್ ಯಂತ್ರ ಇರಲಿಲ್ಲ. ಭಾರತೀಯ ಗುಮಾಸ್ತರ ಒಂದು ದೊಡ್ಡ ತಂಡವೇ ಕಾಗದದ ಮೇಲೆ ಕೂಡಿ, ಕಳೆದು, ಗುಣಿಸಿ ಸಾವಿರಾರು ಸಹಸಂಬಂಧಗಳನ್ನು ತೆಗೆಯಿತು. ಜಗತ್ತಿನ ಹವಾಮಾನದ ನಕ್ಷೆಯೇ ಬದಲಾದದ್ದು ಈ ಗುಮಾಸ್ತರ ಬೆರಳುಗಳಿಂದ. ಇವರಲ್ಲಿ ಬಹುತೇಕರ ಹೆಸರು ಇವತ್ತಿನ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಈ ದಾರಿಯಲ್ಲಿ ಒಂದು ಹೊಂಡ ಇದೆ. ಡೇಟಾ ಸೈನ್ಸ್ ಮಾಡುವವರು ಸ್ವಲ್ಪ ಗಮನ ಕೊಡ್ರಿ. ಸಾವಿರ ಸಂಬಂಧ ಹುಡುಕಿದರೆ ಕೆಲವು ಬರೀ ಆಕಸ್ಮಿಕವಾಗಿಯೇ ಚೆಂದ ಕಾಣುತ್ತವೆ. ನೂರು ಮಂದಿ ನಾಣ್ಯ ಚಿಮ್ಮಿದರೆ ಯಾರೋ ಒಬ್ಬನಿಗೆ ಸತತ ಆರು ಸಲ ಒಂದೇ ಮುಖ ಬೀಳುವುದು ದೊಡ್ಡ ಮಾತಲ್ಲ. ಅವನಿಗೆ ಮಂತ್ರ ಬರುತ್ತದೆ ಅಂದುಕೊಂಡರೆ ನಾವು ಕೆಟ್ಟೆವು. ವಾಕರ್ 1914ರಲ್ಲೇ ಈ ಅಪಾಯ ಗುರುತಿಸಿ, ಬಹಳಷ್ಟು ಸಂಬಂಧಗಳಲ್ಲಿ ಅತಿ ದೊಡ್ಡದನ್ನು ಆರಿಸಿದಾಗ ಅದು ನಿಜವೆನ್ನಲು ಎಷ್ಟು ದೊಡ್ಡದಿರಬೇಕು ಅನ್ನುವ ಪರೀಕ್ಷೆಯನ್ನೇ ರೂಪಿಸಿದರು. ಸೂರ್ಯನ ಕಲೆಗಳಿಗೂ ಮಳೆಗೂ ನಂಟಿದೆ ಅಂತ ಆಗ ಬಹಳ ಮಂದಿ ನಂಬಿದ್ದರು. ಅಂಥ ನಂಬಿಕೆಗಳನ್ನೂ ಅವರು ಅಂಕಿಗಳ ಮುಂದೆ ತಂದು ನಿಲ್ಲಿಸಿದರು.

ಮದ್ರಾಸಿನ ಒಂದು ದಿನ

1913ರ ಫೆಬ್ರವರಿಯಲ್ಲಿ ಇಲಾಖೆಯ ಕೆಲಸದ ಮೇಲೆ ವಾಕರ್ ಮದ್ರಾಸಿಗೆ ಹೋಗಿದ್ದರು. ಬಂದರು ಮಂಡಳಿಯ ಮುಖ್ಯಸ್ಥ ಫ್ರಾನ್ಸಿಸ್ ಸ್ಪ್ರಿಂಗ್ ತಮ್ಮ ಕಚೇರಿಯ ಗುಮಾಸ್ತನೊಬ್ಬನ ಗಣಿತವನ್ನು ಅವರಿಗೆ ತೋರಿಸಿದರು. ಆ ಗುಮಾಸ್ತನ ಸಂಬಳ ತಿಂಗಳಿಗೆ 30 ರೂಪಾಯಿ. ವಾಕರ್‌ಗೆ ಆ ವಿಷಯದಲ್ಲಿ ಪರಿಣತಿ ಇರಲಿಲ್ಲ, ಆದರೆ ಮುಂದಿರುವುದು ಸಾಮಾನ್ಯ ತಲೆಯಲ್ಲ ಅನ್ನುವುದು ತಿಳಿಯಿತು. ತಡಮಾಡದೆ ಫೆಬ್ರವರಿ 26ಕ್ಕೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು, ಈ ಯುವಕ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಕೆಲವು ವರ್ಷ ಬರೀ ಗಣಿತ ಮಾಡುವಂತೆ ವ್ಯವಸ್ಥೆ ಮಾಡಿ ಅಂತ ಶಿಫಾರಸು ಮಾಡಿದರು. ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ಕೊಟ್ಟಿತು. ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್. ಹಾರ್ಡಿಯವರ ಹೆಸರು ಎಲ್ಲರಿಗೂ ಗೊತ್ತು, ನಡುವೆ ನಿಂತು ಬಾಗಿಲು ತೆರೆದ ಈ ಹವಾಮಾನದ ಮನುಷ್ಯ ಎಷ್ಟು ಮಂದಿಗೆ ಗೊತ್ತು?

ರೆಕ್ಕೆ ಬಡಿಯದ ಹದ್ದುಗಳು

ಪ್ಯಾರಾಗ್ಲೈಡಿಂಗ್, ಗ್ಲೈಡಿಂಗ್, ಹಾಯಿದೋಣಿ ಅಂತ ಕನಸು ಕಾಣುವವರಿಗೆ ವಾಕರ್ ಇನ್ನೂ ಹತ್ತಿರದವರು. ಭಾರತದ ಆಕಾಶದಲ್ಲಿ ಹದ್ದು, ರಣಹದ್ದುಗಳು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಸುತ್ತುವುದು ಅವರನ್ನು ಹಿಡಿದು ನಿಲ್ಲಿಸಿತು. ಎಂಜಿನ್ ಇಲ್ಲ, ರೆಕ್ಕೆ ಬಡಿತ ಇಲ್ಲ, ಹಾಗಾದರೆ ಶಕ್ತಿ ಎಲ್ಲಿಂದ? ಉಷ್ಣವಲಯದ ಹಕ್ಕಿಗಳ ಈ ಹಾರಾಟಕ್ಕೂ ಹವಾಮಾನಕ್ಕೂ ಇರುವ ನಂಟಿನ ಮೇಲೆ ಅವರು ಪ್ರಬಂಧ ಬರೆದರು. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಕಂಬದಂತೆ ಮೇಲೇಳುತ್ತದೆ, ಹಕ್ಕಿ ಆ ಕಂಬದೊಳಗೆ ಸುತ್ತು ಹಾಕುತ್ತ ಏರುತ್ತದೆ. ಇವತ್ತು ಗ್ಲೈಡರ್ ಹಾರಿಸುವವರು ಥರ್ಮಲ್ ಅನ್ನುವುದು ಇದನ್ನೇ. ಏಪ್ರಿಲ್ ಮಧ್ಯಾಹ್ನ ಕಪ್ಪತಗುಡ್ಡದ ಕಡೆ ತಲೆಯೆತ್ತಿ ನೋಡಿದರೆ ಹದ್ದುಗಳೇ ಇದರ ಪಾಠ ಹೇಳುತ್ತವೆ.

ಕರಾವಳಿಯ ಗಾಳಿಯೂ ಇದೇ ಲೆಕ್ಕದ ಇನ್ನೊಂದು ರೂಪ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಗಾಳಿ ಏರಿದಾಗ ಆ ಜಾಗಕ್ಕೆ ಸಮುದ್ರದ ತಂಪುಗಾಳಿ ನುಗ್ಗುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಬೇಸಿಗೆಯ ಮಧ್ಯಾಹ್ನ ಹಾಯಿ ಬಿಚ್ಚುವವರು ಕಾಯುವುದು ಈ ಗಾಳಿಗೆ. ರಾತ್ರಿ ಅದು ಉಲ್ಟಾ, ನೆಲದಿಂದ ಸಮುದ್ರಕ್ಕೆ. ಜೂನ್ ಬಂದರೆ ಮುಂಗಾರಿನ ದೊಡ್ಡ ಗಾಳಿ ಈ ದಿನದಾಟವನ್ನು ಮುಚ್ಚಿಹಾಕುತ್ತದೆ, ಕಡಲೂ ಆಡುವ ಮಾತಲ್ಲ. ನಾಳೆಯ ಗಾಳಿ ನೋಡಲು ನಮ್ಮ ಮೊಬೈಲಿನ ಆ್ಯಪ್ ಸಾಕು. ಎರಡು ವಾರದಾಚೆಗೆ ಮಾತ್ರ ದಿನದಿನದ ಮುನ್ಸೂಚನೆ ಹಳಿ ತಪ್ಪುತ್ತದೆ, ಏಕೆಂದರೆ ವಾತಾವರಣದ ಸಣ್ಣ ಏರುಪೇರು ಬಲುಬೇಗ ದೊಡ್ಡದಾಗುತ್ತದೆ. ಹಾಗಿದ್ದೂ ಇಡೀ ಹಂಗಾಮಿನ ಸುಳಿವು ಸಿಗಬಹುದು ಅಂದ್ರೆ ಹೇಗೆ? ಅದಕ್ಕೆ ಉತ್ತರ ನಿಧಾನವಾಗಿ ಬದಲಾಗುವ ಸಮುದ್ರದಲ್ಲಿದೆ. ವಾಕರ್ ಆ ಉತ್ತರದ ಹೊಸ್ತಿಲಿಗೆ ಬಂದು ನಿಂತರು.

ಭೂಮಿಯ ದೊಡ್ಡ ತಕ್ಕಡಿ

ಲೆಕ್ಕ ಮುಂದುವರಿದಂತೆ ಚೆಲ್ಲಾಪಿಲ್ಲಿ ಅಂಕಿಗಳಲ್ಲಿ ಒಂದು ಆಕೃತಿ ಮೂಡಿತು. ಪೆಸಿಫಿಕ್ ಸಾಗರದ ಮೇಲೆ ಗಾಳಿಯೊತ್ತಡ ಏರಿದಾಗ ಹಿಂದೂ ಮಹಾಸಾಗರದ ಸುತ್ತ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಗದಗಿನ ಮಾರ್ಕೆಟ್ಟಿನ ತಕ್ಕಡಿ ಇದ್ದಂಗ, ಒಂದು ತಟ್ಟೆ ಇಳಿದರೆ ಇನ್ನೊಂದು ಏರುತ್ತದೆ. ಇದಕ್ಕೆ ವಾಕರ್ ದಕ್ಷಿಣದ ಆಂದೋಲನ ಅನ್ನುವ ಅರ್ಥದ ಸದರ್ನ್ ಆಸಿಲೇಶನ್ ಅಂತ ಹೆಸರಿಟ್ಟರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್‌ನಲ್ಲಿ ಇಂಥವೇ ಇನ್ನೆರಡು ತಕ್ಕಡಿಗಳನ್ನೂ ಗುರುತಿಸಿದರು. 1923 ಮತ್ತು 1924ರಲ್ಲಿ ಜಗತ್ತಿನ ಹವಾಮಾನದ ಮೇಲೆ ಬಂದ ಅವರ ಪ್ರಬಂಧಗಳಲ್ಲಿ ಈ ಕೆಲಸ ಮೊದಲು ಕಾಣಿಸಿತು.

ಇಡೀ ಭಾರತಕ್ಕೆ ಒಂದೇ ಮುನ್ಸೂಚನೆ ಅನ್ನುವುದನ್ನೂ ಅವರು ಬಿಟ್ಟರು. ಪರ್ಯಾಯದ್ವೀಪ, ವಾಯವ್ಯ ಭಾರತ, ಈಶಾನ್ಯ ಭಾರತ ಅಂತ ಭಾಗ ಮಾಡಿ ಬೇರೆ ಬೇರೆ ಸೂತ್ರ ಕಟ್ಟಿದರು. ನಮ್ಮ ಗದಗ ಅವರ ಪರ್ಯಾಯದ್ವೀಪದ ಲೆಕ್ಕದೊಳಗೆ ಬರುತ್ತದೆ. ಹಂಗಾಮಿನ ಸುಳಿವಿಗೆ ಮುನ್ಸೂಚನೆ ಅನ್ನುವ ದೊಡ್ಡ ಪದ ಬೇಡ, ಮುಂದೆ ಬೀಳುವ ನೆರಳು ಅನ್ನುವಷ್ಟು ಮೆತ್ತನೆಯ ಪದ ಸಾಕು ಅನ್ನುವುದು ಅವರ ನಿಲುವಾಗಿತ್ತು. ಗೊತ್ತಿದ್ದಷ್ಟನ್ನೇ ಹೇಳಬೇಕು, ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ. 1899ರ ನೆನಪು ಆ ಕಚೇರಿಯಲ್ಲಿ ಇನ್ನೂ ಹಸಿ ಇತ್ತಲ್ಲ.

ಯೂಲ್-ವಾಕರ್

1924ರಲ್ಲಿ ವಾಕರ್ ಸರ್ ಪದವಿಯೊಂದಿಗೆ ನಿವೃತ್ತರಾಗಿ ಲಂಡನ್ನಿಗೆ ಮರಳಿದರು. ಇಂಪೀರಿಯಲ್ ಕಾಲೇಜಿನಲ್ಲಿ 1934ರವರೆಗೆ ಹವಾಮಾನಶಾಸ್ತ್ರದ ಪ್ರಾಧ್ಯಾಪಕರು. ಅಲ್ಲಿ ತೆಳ್ಳಗಿನ ದ್ರವದ ಪದರವನ್ನು ಕೆಳಗಿನಿಂದ ಕಾಯಿಸಿ ಮೋಡಗಳ ಆಕಾರ ಹೇಗೆ ಮೂಡುತ್ತದೆ ಅಂತ ಪ್ರಯೋಗ ನಡೆಸಿದರು, ಭಾರತದಿಂದ ಹೋದ ವಿದ್ಯಾರ್ಥಿಗಳೂ ಅದರಲ್ಲಿದ್ದರು. ಗ್ಲೈಡಿಂಗ್ ಮೇಲಿನ ಪ್ರೀತಿಯೂ ಅಲ್ಲಿ ಮುಂದುವರಿಯಿತು.

ಸೂರ್ಯನ ಕಲೆಗಳ ಏರಿಳಿತವನ್ನು ಅದರ ಹಿಂದಿನ ಬೆಲೆಗಳಿಂದಲೇ ವಿವರಿಸಬಹುದು ಅಂತ 1927ರಲ್ಲಿ ಉಡ್ನಿ ಯೂಲ್ ತೋರಿಸಿದ್ದರು. ವಾಕರ್ 1931ರಲ್ಲಿ ಆ ವಿಧಾನವನ್ನು ಬೆಳೆಸಿ, ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ಗಾಳಿಯೊತ್ತಡಕ್ಕೆ ಹಚ್ಚಿದರು. ಅವರ ತಕ್ಕಡಿಯ ಒಂದು ತಟ್ಟೆ ಇರುವುದೇ ಅಲ್ಲಿ. ಇವತ್ತಿನ ಬೆಲೆ ನಿನ್ನೆ ಮೊನ್ನೆಯ ಬೆಲೆಗಳ ಮೇಲೆ ಎಷ್ಟು ನಿಂತಿದೆ ಅನ್ನುವುದನ್ನು ಆಟೋಕೋರಿಲೇಶನ್‌ನಿಂದ ಬಿಡಿಸುವ ಈ ಸಮೀಕರಣಗಳು ಇವತ್ತು ಮಾತಿನ ಧ್ವನಿಯನ್ನು ಸಂಕ್ಷೇಪಿಸುವಲ್ಲಿ, ಮೆದುಳಿನ ತರಂಗ ಓದುವಲ್ಲಿ, ಷೇರು ಬೆಲೆಯ ವಿಶ್ಲೇಷಣೆಯಲ್ಲಿ ಬಳಕೆಯಾಗುತ್ತವೆ. ಲ್ಯಾಬ್‌ನಲ್ಲಿ ಮ್ಯಾಟ್‌ಲ್ಯಾಬ್ ತೆರೆದು ಇದರ ಕಮಾಂಡ್ ಹೊಡೆಯುವಾಗ ನಾವು ಮುಟ್ಟುವುದು ಮಳೆ ಹುಡುಕಿ ಹೊರಟ ಒಂದು ಲೆಕ್ಕವನ್ನು.

ಸೋತರೇ, ಗೆದ್ದರೇ?

ವಾಕರ್ ಬದುಕಿದ್ದಾಗ ಅವರ ಕೆಲಸಕ್ಕೆ ಪೂರ್ತಿ ಒಪ್ಪಿಗೆ ಸಿಗಲಿಲ್ಲ. ಆಕ್ಷೇಪ ಸರಿಯಾದದ್ದೇ ಆಗಿತ್ತು. ದಕ್ಷಿಣ ಅಮೆರಿಕದ ಗಾಳಿಯೊತ್ತಡ ಭಾರತದ ಮಳೆಯನ್ನು ಯಾವ ದಾರಿಯಿಂದ ಮುಟ್ಟುತ್ತದೆ ಅಂತ ಅವರು ತೋರಿಸಲಿಲ್ಲ. ಅವರ ಕೆಲವು ಸಂಬಂಧಗಳು ಮುಂದಿನ ದಶಕಗಳಲ್ಲಿ ಸಡಿಲವಾದವು. ಬಂದ ಕೆಲಸ ಮುಂಗಾರಿನ ಮುನ್ಸೂಚನೆ, ಅದೇ ಅರ್ಧ ಉಳಿಯಿತು. 1958ರ ನವೆಂಬರ್ 4ರಂದು, 90 ವರ್ಷದ ವಾಕರ್ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ವಿಚಿತ್ರ ಅಂದ್ರೆ ಅವರ ಕೊನೆಯ ದಿನಗಳ ಹೊತ್ತಿಗೇ ಉತ್ತರದ ಡೇಟಾ ಸಮುದ್ರದ ಮೇಲೆ ಸಿದ್ಧವಾಗುತ್ತಿತ್ತು. 1957-58 ಅಂತರರಾಷ್ಟ್ರೀಯ ಭೂಭೌತ ವರ್ಷ. ಪೆಸಿಫಿಕ್‌ನಲ್ಲಿ ಹಿಂದೆಂದಿಗಿಂತ ಹೆಚ್ಚು ಅಳತೆ ನಡೆದವು, ಅದೇ ಹೊತ್ತಿಗೆ ಅಲ್ಲಿ ದೊಡ್ಡ ಎಲ್ ನಿನೋ ಬಂತು. ಆ ಅಳತೆಗಳನ್ನಿಟ್ಟುಕೊಂಡು ಯಾಕೋಬ್ ಬ್ಯೆರ್ಕ್‌ನೆಸ್ 1969ರಲ್ಲಿ ಗಂಟು ಬಿಚ್ಚಿದರು. ಸಾಮಾನ್ಯ ವರ್ಷಗಳಲ್ಲಿ ಪೆಸಿಫಿಕ್‌ನ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ ಬಿಸಿನೀರನ್ನು ಇಂಡೋನೇಷ್ಯಾ ಕಡೆ ಒಟ್ಟುತ್ತದೆ. ಅಲ್ಲಿ ಗಾಳಿ ಏರಿ ಮಳೆ ಸುರಿಸಿ, ಮೇಲ್ಪದರದಲ್ಲಿ ಪೂರ್ವಕ್ಕೆ ಸಾಗಿ, ದಕ್ಷಿಣ ಅಮೆರಿಕದ ಬಳಿ ಇಳಿಯುತ್ತದೆ. ಎಲ್ ನಿನೋ ಬಂದಾಗ ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಏರುವ ಗಾಳಿಯೂ ಅದರ ಹಿಂದೆ ಹೋಗುತ್ತದೆ, ನಮ್ಮ ಕಡೆ ಗಾಳಿ ಇಳಿಯತೊಡಗಿ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. ಈ ಗಾಳಿಯ ಸುತ್ತಿಗೆ ಬ್ಯೆರ್ಕ್‌ನೆಸ್ ವಾಕರ್ ಸರ್ಕ್ಯುಲೇಶನ್ ಅಂತಲೇ ಹೆಸರಿಟ್ಟರು. ಕಾರಣ ತಿಳಿಯದೆ ಹುಡುಕಿದ ಸಂಬಂಧಕ್ಕೆ ಕಾರಣ ಸಿಕ್ಕಿತು, ಹುಡುಕಿದವರು ಮಾತ್ರ ಇರಲಿಲ್ಲ.

ಈಗ ಹಳೆಯ ದಾಖಲೆ ತಿರುವಿದರೆ 1876-78 ಎಲ್ ನಿನೋ ಕಾಲ, ಎಲಿಯಟ್ ಸೋತ 1899ರಲ್ಲೂ ಎಲ್ ನಿನೋ. ಮೊನ್ನೆ 2023ರಲ್ಲಿ ನಮ್ಮ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಅನ್ನಿಸಿಕೊಂಡಾಗಲೂ ಪೆಸಿಫಿಕ್‌ನಲ್ಲಿ ಅದೇ ಇತ್ತು. ಆದರೆ 1997ರಲ್ಲಿ ಭಾರಿ ಎಲ್ ನಿನೋ ಇದ್ದೂ ದೇಶದ ಮುಂಗಾರು ಕೈಬಿಡಲಿಲ್ಲ. ಅಂದ್ರೆ ಇದು ಶಾಸನವಲ್ಲ, ಸಾಧ್ಯತೆ. ವಾಕರ್ ಕೂಡ ಅಷ್ಟೇ ಹೇಳಿಕೊಂಡಿದ್ದರು.

ಪ್ರತಿವರ್ಷ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಡುತ್ತದೆ. ಶಿಮ್ಲಾದ ಗುಮಾಸ್ತರ ಜಾಗದಲ್ಲಿ ಈಗ ಸೂಪರ್ ಕಂಪ್ಯೂಟರ್ ಇದೆ, ಆದರೂ ಅದು ಮೊದಲು ತಿರುಗಿ ನೋಡುವ ಕಡೆಗಳಲ್ಲಿ ಪೆಸಿಫಿಕ್ ಒಂದು. ಇಲ್ಲಿ ರೈತರು ಹೆಸರು ಬಿತ್ತಬೇಕೋ, ಹಿಂಗಾರಿಗೆ ಕಾದು ಕಡಲೆ, ಬಿಳಿಜೋಳಕ್ಕೆ ಹೊಲ ಇಡಬೇಕೋ ಅಂತ ತೀರ್ಮಾನ ಮಾಡುವುದು ಅದೇ ದಿನಗಳಲ್ಲಿ. ಇಡೀ ದೇಶದ ಸರಾಸರಿ ಅವರಿಗೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಅವರಿಗೆ ಬೇಕಾದದ್ದು ಶಿರಹಟ್ಟಿಯ ಮಳೆ, ಮುಂಡರಗಿಯ ಮಳೆ. ವಾಕರ್ ದೇಶವನ್ನು ಮೂರು ಭಾಗ ಮಾಡಿದರು. ಹಳ್ಳಿ ಹಳ್ಳಿಯ ಮಳೆಮಾಪಕದ ಅಂಕಿ, ಗುಡ್ಡದ ಮೇಲಿನ ಗಾಳಿಯಂತ್ರ ಅಳೆಯುವ ಗಾಳಿಯ ವೇಗ, ಕೈಯಲ್ಲೊಂದು ಲ್ಯಾಪ್‌ಟಾಪ್ ಇರುವ ನಾವು ಅದನ್ನು ತಾಲ್ಲೂಕಿನವರೆಗೆ ಇಳಿಸಬಹುದು. ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಇದನ್ನು ಒಮ್ಮೆ ಯೋಚನೆ ಮಾಡ್ರಿ. ಕೋರಿಲೇಶನ್ ತೆಗೆದ ಮೇಲೆ 1914ರ ಆ ಪರೀಕ್ಷೆಯನ್ನು ಮಾತ್ರ ಮರೀಬ್ಯಾಡ್ರಿ.